ನಮ್ಮ ಕೊಡದ ನೀರು

ಮತಾಂತರದ ಗಲಾಟೆ ಎದ್ದಾಗಲೆಲ್ಲ ಎರಡು ಕಡೆಯವರೂ ನಮ್ಮ ಕೇರಿಗಳ ಹೆಸರು ಎತ್ತುತ್ತಾರೆ. ಒಬ್ಬರು, "ಪಾಪ, ಏನೂ ತಿಳಿಯದ ಜನ, ಪಾದ್ರಿಗಳು ಆಸೆ ತೋರಿಸಿ ಮೋಸ ಮಾಡಿದರು" ಅಂತಾರೆ. ಇನ್ನೊಬ್ಬರು, "ನಾವು ಅವರನ್ನು ಪ್ರೀತಿಸಿದೆವು, ಅಷ್ಟೇ" ಅಂತಾರೆ. ಮೋಸ ಹೋದವರೂ ನಾವೇ, ಪ್ರೀತಿಗೆ ಸಿಕ್ಕಿದವರೂ ನಾವೇ. ಆದರೆ ಕೇರಿಯೊಳಕ್ಕೆ ಬಂದು, ನಮ್ಮ ಚಾಪೆಯ ಮೇಲೆ ಕೂತು, "ನಿಮಗೇನು ಅನ್ನಿಸ್ತದಪ್ಪಾ?" ಅಂತ ಕೇಳಿದವರು ಎಷ್ಟು ಜನ?

ಯಾರೂ ಕೇಳದಿದ್ದರೆ ಬೇಡ. ಈ ಸಲ ನಾವೇ ಕೇಳೋಣ. ತನ್ನ ಧರ್ಮದ ಹೊರಗೆ ಇರುವವನನ್ನೂ ಪ್ರೀತಿಸಬೇಕು ಅಂತ ಕ್ರೈಸ್ತರ ಗ್ರಂಥ ಹೇಳುತ್ತದೆ. ಆ ಪ್ರೀತಿ ಎಂಥದ್ದು? ಹೊರಗೆ ನಿಂತಿರುವ ನಾವು ಅದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ನಮ್ಮಲ್ಲಿ ಮಾರಮ್ಮನಿಗೆ ನಡೆದುಕೊಳ್ಳುವವರಿದ್ದಾರೆ, ಬುದ್ಧನಿಗೆ ಶರಣು ಅಂದವರಿದ್ದಾರೆ, ಭಾನುವಾರ ಚರ್ಚಿಗೆ ಹೋಗುವವರಿದ್ದಾರೆ, ಯಾವ ದೇವರೂ ಬೇಡ ಅನ್ನುವವರೂ ಇದ್ದಾರೆ. ಎಲ್ಲರೂ ಕೂತು ಯೋಚಿಸಬೇಕಾದ ಮಾತು ಇದು.

ಆಮಿಷದ ಮಾತನ್ನು ಮೊದಲು ಮುಗಿಸಿಬಿಡೋಣ.

1936ರಲ್ಲಿ ಅಮೆರಿಕದ ಕ್ರೈಸ್ತ ಮುಖಂಡ ಜಾನ್ ಮಾಟ್ ಗಾಂಧೀಜಿಯನ್ನು ಕಾಣಲು ಬಂದಿದ್ದರು. ಅಸ್ಪೃಶ್ಯರಿಗೆ ಸುವಾರ್ತೆ ಸಾರುವ ವಿಚಾರ ಬಂತು. ಹಸುವಿನ ಮುಂದೆ ನಿಂತು ಸುವಾರ್ತೆ ಹೇಳುತ್ತೀರಾ ಅಂತ ಗಾಂಧೀಜಿ ಕೇಳಿದರು. ಅಸ್ಪೃಶ್ಯರಲ್ಲಿ ಕೆಲವರ ತಿಳುವಳಿಕೆ ಹಸುವಿಗಿಂತಲೂ ಕಡೆ ಅಂದರು. ಅವರದೇ 'ಹರಿಜನ' ಪತ್ರಿಕೆಯಲ್ಲಿ ಇದು ಅಚ್ಚಾಗಿದೆ. 86 ವರ್ಷ ಕಳೆದ ಮೇಲೆ, 2022ರಲ್ಲಿ, ನಮ್ಮ ರಾಜ್ಯದಲ್ಲೇ ಮತಾಂತರದ ಮೇಲೆ ಒಂದು ಕಾಯ್ದೆ ಬಂತು. ಕಾಯ್ದೆ ಮೀರಿ ಮತಾಂತರ ಮಾಡಿಸಿದವನಿಗೆ 3ರಿಂದ 5 ವರ್ಷ ಜೈಲು. ಆದರೆ ಮತಾಂತರವಾದವರು ಅಪ್ರಾಪ್ತರೋ, ಬುದ್ಧಿ ಸ್ವಾಧೀನ ಇಲ್ಲದವರೋ, ಹೆಂಗಸರೋ, ಪರಿಶಿಷ್ಟ ಜಾತಿ-ಪಂಗಡದವರೋ ಆಗಿದ್ದರೆ 3ರಿಂದ 10 ವರ್ಷ. 2023ರ ಜೂನ್ ತಿಂಗಳಲ್ಲಿ ಅದನ್ನು ರದ್ದು ಮಾಡಲು ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆ ಬರ್ತದೆ, ಹೋಗ್ತದೆ. ಆ ಸಾಲಿನಲ್ಲಿ ನಮ್ಮನ್ನೂ ನಮ್ಮ ಹೆಣ್ಣುಮಕ್ಕಳನ್ನೂ ಯಾರ ಪಕ್ಕದಲ್ಲಿ ಕೂರಿಸಿದ್ದರು ನೋಡಿ. ಬುದ್ಧಿ ಇಲ್ಲದವರ ಪಕ್ಕದಲ್ಲಿ. ಹಸುವಿನ ಮಾತು ಎಲ್ಲಿಗೂ ಹೋಗಿಲ್ಲ, ಕಾನೂನಿನ ಅಂಗಿ ತೊಟ್ಟುಕೊಂಡು ಬಂದಿದೆ.

ಆ ಕಾಯ್ದೆಯಲ್ಲಿ ಆಮಿಷ ಅಂದರೆ ಏನು ಅಂತಲೂ ಬರೆದಿದ್ದರು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಓದು, ನೌಕರಿ, ಒಳ್ಳೆಯ ಬದುಕು, ಇವೆಲ್ಲ ಆಮಿಷವಂತೆ! ಮಗ ಓದಲಿ, ಮಗಳಿಗೆ ಕೆಲಸ ಸಿಗಲಿ, ಸೂರು ಸೋರದಿರಲಿ ಅನ್ನುವ ಆಸೆ ಉಳ್ಳವನಿಗೆ ಇದ್ದರೆ ಅದು ಪ್ರಗತಿ. ಅದೇ ಆಸೆ ನಮಗೆ ಬಂದರೆ ಆಮಿಷ. ಇನ್ನೂ ಒಂದು ಲೆಕ್ಕ ಇದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ ಆಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ ದಲಿತ ಹೊರಗೇ ಉಳಿದ. ಚರ್ಚಿಗೆ ಸೇರಿದರೆ ಸರ್ಕಾರದ ಕಾಗದದಲ್ಲಿ ಸ್ಕಾಲರ್‌ಶಿಪ್ಪೂ ಹೋಯ್ತು, ಮೀಸಲು ನೌಕರಿಯೂ ಹೋಯ್ತು. ಊರಿನಲ್ಲಿ ಮಾತ್ರ ಅವನು ಅದೇ ಹೊಲೆಯ, ಅದೇ ಮಾದಿಗ. ಇಷ್ಟೆಲ್ಲ ಕಳೆದುಕೊಂಡು ಹೋಗುವವನನ್ನು ಆಮಿಷಕ್ಕೆ ಬಿದ್ದವನು ಅಂದರೆ ಯಾವ ಗಣಿತ ಸ್ವಾಮಿ ಇದು?

ಇಷ್ಟು ಹೇಳಿದ ಮಾತ್ರಕ್ಕೆ ಚರ್ಚಿನವರು ಪಾಸಾದರು ಅಂತ ಅಲ್ಲ. ನಮಗೆ ಬುದ್ಧಿ ಇದೆ ಅಂದ ಮೇಲೆ ಅದೇ ಬುದ್ಧಿಯಿಂದ ಅವರ ಪ್ರೀತಿಯನ್ನೂ ಕೆದಕಿ ನೋಡಬೇಕು. ಬೇರೆಯವರ ಅಳತೆಗೋಲು ಬೇಡ. ಅವರ ಗ್ರಂಥದಲ್ಲೇ ಒಂದು ಅಳತೆಗೋಲು ಇದೆ.

ಲೂಕ ಬರೆದ ಸುವಾರ್ತೆಯಲ್ಲಿ ಒಂದು ಕತೆ ಇದೆ. ನೆರೆಯವನನ್ನು ಪ್ರೀತಿಸಬೇಕು ಅನ್ನುವುದು ಸರಿ, ಆದರೆ ನೆರೆಯವನು ಅಂದರೆ ಯಾರು ಅಂತ ಒಬ್ಬ ಶಾಸ್ತ್ರ ಬಲ್ಲವನು ಯೇಸುವನ್ನು ಕೇಳುತ್ತಾನೆ. ಬಲು ಜಾಣ ಪ್ರಶ್ನೆ. ಯಾರು ಯಾರನ್ನು ಪ್ರೀತಿಸಿದರೆ ಸಾಕು, ಗೆರೆ ಎಲ್ಲಿ ಎಳೆಯಲಿ ಅನ್ನೋದು ಅದರ ಹೂರಣ. ಯೇಸು ಕತೆ ಹೇಳಿದ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು, ಬಟ್ಟೆ ಕಿತ್ತುಕೊಂಡು, ಅರೆಜೀವ ಮಾಡಿ ಬಿಸಾಕಿ ಹೋದರು. ಪೂಜಾರಿ ಬಂದ, ನೋಡಿದ, ಆಚೆ ಬದಿಯಿಂದ ನಡೆದುಹೋದ. ದೇವಾಲಯದ ಚಾಕರಿಯ ಲೇವಿಯನೂ ಹಾಗೇ ಹೋದ. ಯಾಕೆ ಹೋದರು ಅಂತ ಕತೆ ಹೇಳುವುದಿಲ್ಲ. ಸತ್ತಿದ್ದರೆ ಹೆಣ ಮುಟ್ಟಿ ಮೈಲಿಗೆ ಆದೀತು ಅನ್ನುವ ಭಯ ಇರಬಹುದು ಅಂತ ಅರ್ಥ ಹೇಳುವವರಿದ್ದಾರೆ. ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಡಿಯ ಕಾಲುಗಳು ಯಾವ ಬದಿಗೆ ಸರಿಯುತ್ತವೆ ಅನ್ನೋದನ್ನು ನಮ್ಮ ಅಜ್ಜ-ಮುತ್ತಜ್ಜಂದಿರು ನೋಡಿ ನೋಡಿ ಸುಸ್ತಾಗಿದ್ದಾರೆ.

ಮೂರನೆಯವನು ಬಂದ. ಅವನು ಸಮಾರ್ಯದವನು. ಯೆಹೂದ್ಯರ ಕಣ್ಣಿಗೆ ಸಮಾರ್ಯದವರು ಕುಲಗೆಟ್ಟವರು, ಧರ್ಮ ಕೆಡಿಸಿದವರು. ಯೆಹೂದ್ಯರ ದೇವಾಲಯ ಯೆರೂಸಲೇಮಿನಲ್ಲಿ, ಇವರ ಪೂಜೆ ಗೆರಿಜೀಮ್ ಬೆಟ್ಟದ ಮೇಲೆ. ಯೇಸು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮುಂಚೆ ಯೆಹೂದ್ಯರ ದೊರೆ ಯೋಹಾನ ಹಿರ್ಕಾನ ಆ ಬೆಟ್ಟದ ಗುಡಿಯನ್ನು ಕೆಡವಿಹಾಕಿದ್ದ. ಹೀಗೆ ಗುಡಿ ಒಡೆಸಿಕೊಂಡ ಜನದವನೊಬ್ಬ ದಾರಿಯಲ್ಲಿ ಬಂದು, ಗಾಯಕ್ಕೆ ಎಣ್ಣೆಯೂ ದ್ರಾಕ್ಷಾರಸವೂ ಹಾಕಿ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಕರೆದುಕೊಂಡು ಹೋಗಿ, ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ವಾಪಸು ಬರುವಾಗ ಕೊಡುತ್ತೇನೆ ಅಂದ. ಕತೆ ಮುಗಿಸಿ ಯೇಸು ಪ್ರಶ್ನೆಯನ್ನೇ ತಿರುಗಿಸಿದ. ಬಿದ್ದವನಿಗೆ ನೆರೆಯವನಾದವನು ಈ ಮೂವರಲ್ಲಿ ಯಾರು ಅಂತ ಕೇಳಿದ. ಶಾಸ್ತ್ರದವನ ಬಾಯಲ್ಲಿ ಸಮಾರ್ಯದವನು ಅನ್ನುವ ಹೆಸರು ಹೊರಡಲಿಲ್ಲ. ದಯೆ ತೋರಿಸಿದವನು ಅಂತ ಸುತ್ತಿ ಬಳಸಿ ಹೇಳಿದ. ಜಾತಿ ಹೆಸರು ಬಾಯಿಗೆ ಬಂದರೂ ನಾಲಿಗೆ ಮೈಲಿಗೆ ಆಗುವ ಜನ ಎಲ್ಲ ದೇಶದಲ್ಲೂ ಇರ್ತಾರೆ.

ಈ ಕತೆಯನ್ನು ಚರ್ಚುಗಳಲ್ಲಿ ಸಾವಿರ ಸಲ ಹೇಳಿದ್ದಾರೆ. ಹೇಳುವಾಗ ಕೇಳುವವರೆಲ್ಲ ತಾವೇ ಆ ಸಮಾರ್ಯದವನು ಅಂತ ತಿಳಿದುಕೊಳ್ಳುತ್ತಾರೆ. ಕ್ರೈಸ್ತರು ಕುದುರೆ ಮೇಲೆ ಬರುವವರು, ಉಳಿದ ನಾವೆಲ್ಲ ದಾರಿಯಲ್ಲಿ ಬಿದ್ದವರು! ಆದರೆ ಕತೆಯಲ್ಲಿ ಇರೋದು ಉಲ್ಟಾ. ಪ್ರೀತಿ ಮಾಡಿದವನು ಧರ್ಮದ ಹೊರಗಿನವನು. ಪ್ರೀತಿ ತೆಗೆದುಕೊಂಡವನು ಒಳಗಿನವನು. ಇನ್ನೂ ನೋಡಿ. ಕತೆಯ ಕೊನೆಯಲ್ಲಿ ಸಮಾರ್ಯದವನು ಯೆಹೂದ್ಯನಾಗಲಿಲ್ಲ. ಬಿದ್ದಿದ್ದವನನ್ನು ಅವನು ಗೆರಿಜೀಮ್ ಬೆಟ್ಟಕ್ಕೆ ಬಾ ಅಂತ ಕರೆಯಲೂ ಇಲ್ಲ. ಗಾಯ ಕಟ್ಟಿದ, ದುಡ್ಡು ಕೊಟ್ಟ, ಹೊರಟ. ಹೊರಗಿನವನನ್ನು ಪ್ರೀತಿಸು ಅಂತ ಹೇಳುವ ಮೊದಲು ಯೇಸು ಹೇಳಿದ್ದು, ಹೊರಗಿನವನಿಂದ ಪ್ರೀತಿ ಕಲಿ ಅಂತ.

ಇದಕ್ಕಿಂತ ನಮ್ಮ ಎದೆಗೆ ಹತ್ತಿರದ್ದು ಇನ್ನೊಂದು ಸಂಗತಿ ಇದೆ. ಅದು ಯೋಹಾನನ ಸುವಾರ್ತೆಯಲ್ಲಿ ಬರುತ್ತದೆ. ಅದು ಬಾವಿಯ ಸಂಗತಿ. ಬಾವಿ ಅಂದರೆ ನಮ್ಮ ಜನಕ್ಕೆ ಏನು ಅಂತ ಹೇಳಬೇಕೇ?

ನಡುಮಧ್ಯಾಹ್ನ. ನಡೆದು ದಣಿದ ಯೇಸು ಸಮಾರ್ಯದ ಊರಿನ ಹೊರಗೆ ಯಾಕೋಬನ ಬಾವಿಯ ಹತ್ತಿರ ಕೂತಿದ್ದಾನೆ. ಬಾವಿ ಆಳ, ಅವನ ಹತ್ತಿರ ಸೇದುವುದಕ್ಕೆ ಏನೂ ಇಲ್ಲ. ಒಬ್ಬ ಸಮಾರ್ಯದ ಹೆಂಗಸು ಕೊಡ ಹಿಡಿದು ಬಂದಳು. ಯೇಸು ಅವಳನ್ನು ಕುಡಿಯಲು ನೀರು ಕೇಳಿದ. ಅವಳಿಗೆ ಗಾಬರಿ. ಯೆಹೂದ್ಯನಾದ ನೀನು ನನ್ನ ಹತ್ತಿರ ನೀರು ಕೇಳುವುದಾ ಅಂದಳು. ಆ ಎರಡು ಜನಕ್ಕೂ ಬಳಕೆ ಇರಲಿಲ್ಲ ಅಂತ ಗ್ರಂಥವೇ ಹೇಳುತ್ತದೆ. ಅಲ್ಲಿರುವ ಗ್ರೀಕ್ ಮಾತಿಗೆ ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಬಳಸುತ್ತಿರಲಿಲ್ಲ ಅಂತಲೂ ಪಂಡಿತರು ಅರ್ಥ ಹೇಳಿದ್ದಾರೆ. ಪಾತ್ರೆ! ಎರಡು ಸಾವಿರ ವರ್ಷದ ಹಿಂದಿನ, ಸಮುದ್ರದಾಚೆಯ ಕತೆಯಲ್ಲಿ ನಮ್ಮೂರ ಹೋಟೆಲಿನ ಬೇರೆ ಲೋಟ ಬಂದು ಕೂತುಬಿಟ್ಟಿದೆ.

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ನೀರು ಕೊಡುವುದು ದೊಡ್ಡದಲ್ಲ. ನೀರು ಮೇಲ್ಜಾತಿಯವರೂ ಕೊಟ್ಟರು. ನಾವು ಬೊಗಸೆ ಒಡ್ಡಿ ಕೂತೆವು, ಅವರು ಎತ್ತರದಿಂದ ಸುರಿದರು. ಬಾಯಾರಿಕೆ ಇಂಗಿತು, ಮಾನ ಒಣಗಿತು. ಅದನ್ನು ಧರ್ಮ ಅಂದರು, ಪುಣ್ಯ ಅಂದರು. ಕೊಡುವ ಕೈ ಮೇಲೆ, ಇಸ್ಕೊಳ್ಳುವ ಕೈ ಕೆಳಗೆ. ಇದು ಜಾತಿಯ ಹಳೇ ವ್ಯವಹಾರ, ಇದರಲ್ಲಿ ದಯೆ ಇದ್ದರೂ ಸಮಾನತೆ ಇಲ್ಲ. ಯೇಸು ಬಾವಿಯ ಹತ್ತಿರ ಮಾಡಿದ್ದು ಬೇರೆ. ಅವನು ಕೊಡಲಿಲ್ಲ, ಮೊದಲು ಕೇಳಿದ. ತನ್ನ ಕೈಯನ್ನು ಕೆಳಗೆ ಹಿಡಿದ. ಆಮೇಲೆ ಧರ್ಮದ ಮಾತೂ ಆಡಿದ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವಳೂ ಸುಮ್ಮನಿರಲಿಲ್ಲ. ನಮ್ಮ ಹಿರಿಯರು ಈ ಬೆಟ್ಟದಲ್ಲಿ ಪೂಜಿಸಿದರು, ನೀವು ಯೆರೂಸಲೇಮ್ ಅಂತೀರಿ ಅಂತ ವಾದಕ್ಕೆ ನಿಂತಳು. ಈ ಬೆಟ್ಟದ ಮೇಲೂ ಅಲ್ಲ, ಯೆರೂಸಲೇಮಿನಲ್ಲೂ ಅಲ್ಲದೆ ಪೂಜಿಸುವ ಕಾಲ ಬರುತ್ತದೆ ಅಂತ ಯೇಸು ಅಂದ. ಊರಿನವರು ಇರು ಅಂದರು, ಎರಡು ದಿನ ಅವರ ನಡುವೆ ಇದ್ದ. ಕೊನೆಗೆ ಅವನು ನೀರು ಕುಡಿದನೋ ಇಲ್ಲವೋ ಗ್ರಂಥ ಹೇಳುವುದಿಲ್ಲ. ಕೇಳಿದ ಅನ್ನುವುದೇ ಸುದ್ದಿ.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಯಾರ ಕೈಯಿಂದಲೂ ಸುರಿಸಿಕೊಳ್ಳಲಿಲ್ಲ. ಸವರ್ಣೀಯರು ಆಮೇಲೆ ಸಗಣಿ ಗಂಜಲ ಸುರಿದು ಆ ಕೆರೆಯನ್ನು ಶುದ್ಧ ಮಾಡಿದರು. ನಮ್ಮ ನೀರು ನಮ್ಮ ಹಕ್ಕು ಅಂತ ಹೇಳಿದ್ದು ಮಹಾಡ. ನಿನ್ನ ಕೊಡದಿಂದ ನನಗೆ ನೀರು ಕೊಡು ಅಂತ ಮೇಲಿನವನು ಬಂದು ಕೇಳಿದ್ದು ಯಾಕೋಬನ ಬಾವಿ. ನಮಗೆ ಎರಡೂ ಬೇಕು. ಮೊದಲನೆಯದು ನಾವು ಮಾಡುವ ಹೋರಾಟ. ಎರಡನೆಯದನ್ನು ಎದುರಿನವನು ಮಾಡಬೇಕು.

ಈಗ ಈ ಅಳತೆಗೋಲು ಹಿಡಿದು ನಮ್ಮ ಸೀಮೆಗೆ ಬರೋಣ.

ಒಳ್ಳೇದನ್ನು ಒಳ್ಳೇದು ಅನ್ನಲೇಬೇಕು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಒಬ್ಬ ಮಹಾರ್ ಹುಡುಗನಿಗೆ ಸೀಟು ಕೊಡಲಿಲ್ಲ. ಮೇಲ್ಜಾತಿ ಮಕ್ಕಳು ಶಾಲೆ ಬಿಟ್ಟುಹೋದಾರು ಅನ್ನುವುದು ಸರ್ಕಾರದ ಚಿಂತೆ. ಅಂಥ ಕಾಲದಲ್ಲಿ ಮಿಷನ್ ಶಾಲೆಗಳು ಎಷ್ಟೋ ಊರುಗಳಲ್ಲಿ ನಮ್ಮವರ ಮುಂದೆ ಸ್ಲೇಟು ಇಟ್ಟವು. ಜೋತಿಬಾ ಫುಲೆ ಓದಿದ್ದು ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ. ಅವರು ಕ್ರೈಸ್ತರಾಗಲಿಲ್ಲ. 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ಆಮೇಲೆ ಅಸ್ಪೃಶ್ಯ ಮಕ್ಕಳಿಗೂ ತೆರೆದರು. ಮಿಷನ್ನಿನ ರಿಜಿಸ್ಟರಿನಲ್ಲಿ ಒಂದು ಹೆಸರು ಹೆಚ್ಚಲಿಲ್ಲ, ಹಾಗಂತ ಆ ಓದು ದಂಡವಾಯಿತೇ? ತಮಿಳುನಾಡಿನ ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗಂಡಂದಿರು ಐಡಾ ಸ್ಕಡರ್ ಅನ್ನುವ ಅಮೆರಿಕದ ಹುಡುಗಿಯ ಬಾಗಿಲು ಬಡಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬ ಮೇಲ್ಜಾತಿ ಹಿಂದೂ. ಮೂವರ ಹೆಂಡಿರಿಗೂ ಹೆರಿಗೆಯ ಕಷ್ಟ. ಗಂಡಸು ಡಾಕ್ಟರು ಮುಟ್ಟಕೂಡದು ಅಂದರು. ಅವಳು ಡಾಕ್ಟರಲ್ಲ. ಬೆಳಗಾಗುವುದರಲ್ಲಿ ಮೂವರು ತಾಯಂದಿರೂ ಸತ್ತರು. ಅವಳು ಹೋಗಿ ವೈದ್ಯಕೀಯ ಓದಿ 1900ರಲ್ಲಿ ವಾಪಸು ಬಂದಳು. 1918ರಲ್ಲಿ ವೆಲ್ಲೂರಿನಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ ತೆರೆದಳು. ನಮ್ಮ ರಾಜ್ಯದಿಂದಲೂ ಜನ ಇವತ್ತೂ ರಾತ್ರಿ ಬಸ್ಸು, ರೈಲು ಹತ್ತಿ ಆ ಆಸ್ಪತ್ರೆಗೆ ಹೋಗುತ್ತಾರೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರಲ್ಲಿ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದ. ಕಿಟೆಲ್ 1894ರಲ್ಲಿ ಕನ್ನಡ ನಿಘಂಟು ಕೊಟ್ಟ. ಅದಕ್ಕೂ ಮುಂಚೆ ಕವಿ ನಾಗವರ್ಮನ ಛಂದಸ್ಸಿನ ಪುಸ್ತಕವನ್ನು ಅಚ್ಚು ಹಾಕಿಸಿದ. ಇನ್ನೊಬ್ಬರ ನಾಲಿಗೆಯ ಮಾತನ್ನು ಒಂದೊಂದಾಗಿ ಕೇಳಿ, ಬರೆದುಕೊಂಡು, ಅಕಾರಾದಿಯಲ್ಲಿ ಜೋಡಿಸುವುದಕ್ಕೆ ವರ್ಷಗಟ್ಟಲೆ ಕೂತಿರಬೇಕು. ಅದೂ ಒಂದು ರೀತಿ ಹೊರಗಿನವರ ಕೊಡದಿಂದ ನೀರು ಕೇಳಿದ ಹಾಗೇ.

ಇನ್ನು ಇದರ ಇನ್ನೊಂದು ಮಗ್ಗುಲು. ಬಾಬಾಸಾಹೇಬರು ಮಿಷನರಿಗಳ ಬಗ್ಗೆ ಬರೆಯುವಾಗ ಮುಲಾಜು ಇಟ್ಟುಕೊಳ್ಳಲಿಲ್ಲ. ಅವರ ಕಾಲೇಜು, ಆಸ್ಪತ್ರೆಗಳ ಫಲ ಬಹುಪಾಲು ಉಂಡವರು ಮೇಲ್ಜಾತಿ ಹಿಂದೂಗಳು, ಮತ ಬದಲಿಸಿದ ಅಸ್ಪೃಶ್ಯನ ಬೆನ್ನಿಗೆ ಜಾತಿ ಹಾಗೇ ಅಂಟಿಕೊಂಡಿತು ಅಂದರು. ಸುಳ್ಳೇನಲ್ಲ. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಅನ್ನುವಲ್ಲಿ 19ನೇ ಶತಮಾನದಲ್ಲಿ ಒಂದು ಚರ್ಚು ಕಟ್ಟಿದರು. ಷರಾಯಿಯ ಎರಡು ಕಾಲುಗಳ ಹಾಗೆ ಎರಡು ಅಂಕಣ, ನಡುವೆ ಗೋಡೆ. ಮೇಲಿನ ಜಾತಿ ಒಂದು ಕಾಲಿನಲ್ಲಿ, ಕೆಳಗಿನ ಜಾತಿ ಇನ್ನೊಂದು ಕಾಲಿನಲ್ಲಿ. ಯೇಸು ಪಾಪ ಸೊಂಟದಲ್ಲಿ ನಿಂತಿದ್ದ! ಆ ಗೋಡೆ ಆಮೇಲೆ ಬಿತ್ತು. ಆದರೆ ಬೇರೆ ಸ್ಮಶಾನ, ಬೇರೆ ಬೆಂಚು ಎಷ್ಟೋ ಊರಲ್ಲಿ ಉಳಿದವು. ಭಾರತದ ಕಥೋಲಿಕ ಬಿಷಪ್ಪರೇ 2016ರ ಡಿಸೆಂಬರಿನಲ್ಲಿ ಹೊರಡಿಸಿದ ದಲಿತ ನೀತಿಯಲ್ಲಿ, ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡದು. ಆದರೆ ಒಳಗಿರುವ ತಮ್ಮನನ್ನೇ ಬೇರೆ ಗುಂಡಿಯಲ್ಲಿ ಹೂಳುವ ಮನೆ, ಹೊರಗಿರುವ ನನಗೆ ಪ್ರೀತಿ ತಂದಿದ್ದೇನೆ ಅಂದರೆ ನಾನು ಹೇಗೆ ನಂಬಲಿ? ಹೊರಗಿನವರ ಮೇಲಿನ ಪ್ರೀತಿಗೆ ಸಾಕ್ಷಿ ಒಳಮನೆಯಲ್ಲೇ ಸಿಗಬೇಕು.

ಕ್ಷಮೆಯ ಮಾತು ಬಿಟ್ಟು ಈ ಲೇಖನ ಮುಗಿಸಲಾಗದು. ಗ್ರಹಾಂ ಸ್ಟೇನ್ಸ್ ಅನ್ನುವ ಆಸ್ಟ್ರೇಲಿಯಾದವನು 1965ರಿಂದ ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಚಾಕರಿ ಮಾಡಿಕೊಂಡಿದ್ದ. 1999ರ ಜನವರಿ 22ರ ರಾತ್ರಿ ಮನೋಹರಪುರದಲ್ಲಿ ಅವನೂ, 10 ವರ್ಷದ ಫಿಲಿಪ್, 6 ವರ್ಷದ ತಿಮೋಥಿ ಎಂಬ ಇಬ್ಬರು ಗಂಡುಮಕ್ಕಳೂ ಜೀಪಿನಲ್ಲಿ ಮಲಗಿದ್ದಾಗ ಗುಂಪು ಬೆಂಕಿ ಹಚ್ಚಿತು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದಳು. ಊರು ಬಿಟ್ಟು ಓಡಲಿಲ್ಲ. ಮಗಳ ಜೊತೆ ಅಲ್ಲೇ ಇದ್ದು ಅದೇ ರೋಗಿಗಳ ಗಾಯ ತೊಳೆಯುವ ಕೆಲಸ ಮುಂದುವರಿಸಿದಳು. ಕೋರ್ಟು ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಆ ತಾಯಿಗೆ ಕೈ ಮುಗಿಯುತ್ತೇವೆ. ಆದರೆ ಒಂದು ಎಚ್ಚರಿಕೆ. ಸ್ಟೇನ್ಸ್ ಸುಟ್ಟು ಹದಿನಾಲ್ಕು ತಿಂಗಳಿಗೆ, 2000ದ ಮಾರ್ಚ್ 11ರಂದು, ನಮ್ಮ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆರೋಪಿಗಳನ್ನು ಕೋರ್ಟು 2006ರಲ್ಲಿ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಕೊಂದವರು ಯಾರೂ ಇಲ್ಲ! ಇಂಥ ನಾಡಿನಲ್ಲಿ ನಮ್ಮ ಕಡೆ ತಿರುಗಿ, "ಹಳೇದೆಲ್ಲ ಮರೀರಿ, ಪ್ರೀತಿಯಿಂದ ಇರಿ" ಅಂತ ಉಪದೇಶ ಮಾಡುವವರಿದ್ದಾರೆ. ಗ್ಲಾಡಿಸ್ ಕ್ಷಮೆಯನ್ನು ತಾನಾಗಿ ಕೊಟ್ಟಳು, ಯಾರೂ ಅವಳ ಕೈಯಿಂದ ವಸೂಲು ಮಾಡಲಿಲ್ಲ. ಅವಳ ಕ್ಷಮೆ ಕೋರ್ಟಿನ ಬಾಗಿಲನ್ನೂ ಮುಚ್ಚಲಿಲ್ಲ. ಹೊಡೆದವನು ಹೊಡೆಸಿಕೊಂಡವನ ಹತ್ತಿರ ಕೇಳುವ ಪ್ರೀತಿ ಪ್ರೀತಿಯಲ್ಲ, ಅದು ಇನ್ನೊಂದು ಬಿಟ್ಟಿ ಚಾಕರಿ. ನ್ಯಾಯ ಇಲ್ಲದ ಕಡೆ ಪ್ರೀತಿಯ ಹೆಸರಿನಲ್ಲಿ ನಮ್ಮ ಬಾಯಿ ಹೊಲಿಯುವ ಕೆಲಸಕ್ಕೆ ಯಾವ ಸ್ವಾಮಿಯೂ ಬೇಡ, ಯಾವ ಪಾದ್ರಿಯೂ ಬೇಡ.

ಹಾಗಾದರೆ ನಾವು ಹೇಳುವುದೇನು?

ಚರ್ಚಿನವರಿಗೆ: ನಮ್ಮನ್ನು ಪ್ರೀತಿಸುತ್ತೀರಾ, ಸಂತೋಷ. ಆದರೆ ಆ ಪ್ರೀತಿಗೆ ರಸೀತಿ ಕೇಳಬೇಡಿ. ನಿಮ್ಮ ಶಾಲೆಯಲ್ಲಿ ಓದಿದ ಕೇರಿಯ ಹುಡುಗ ಬೌದ್ಧನಾಗಲಿ, ನಾಸ್ತಿಕನಾಗಲಿ, ನಿಮ್ಮನ್ನೇ ಟೀಕಿಸಿ ಪದ್ಯ ಬರೆಯಲಿ, ಅವನ ತಂಗಿಗೂ ಸೀಟು ಇರಲಿ. ನಿಮ್ಮ ಧರ್ಮವನ್ನು ಹೇಳಿಕೊಳ್ಳುವ ಹಕ್ಕು ನಿಮಗಿದೆ, ಕೇಳಿ ಒಪ್ಪುವ ಬಿಡುವ ಬುದ್ಧಿ ನಮಗಿದೆ. ನಿಮ್ಮ ಗುಂಪಿನ ಮೇಲ್ಜಾತಿಯವರನ್ನು ನಮ್ಮ ಕೇರಿಗೆ ಕರೆತನ್ನಿ, ಹಂಚುವುದಕ್ಕೆ ಅಲ್ಲ, ಉಣ್ಣುವುದಕ್ಕೆ.

ಆಮಿಷ ಆಮಿಷ ಅಂತ ಕೂಗುವವರಿಗೆ: ಪರರ ಪ್ರೀತಿಗೆ ಬೇಲಿ ಹಾಕುವ ಮುಂಚೆ ನಿಮ್ಮ ಪ್ರೀತಿ ಎಲ್ಲಿದೆ ತೋರಿಸಿ. ನಿಮ್ಮ ಬಾವಿ, ನಿಮ್ಮ ಗುಡಿ, ನಿಮ್ಮ ಅಡುಗೆಮನೆ, ನಿಮ್ಮ ಮದುವೆ ಮನೆ ನಮಗೆ ತೆರೆದಿದ್ದರೆ ಯಾರ ಆಮಿಷ ತಾನೇ ನಡೆಯುತ್ತಿತ್ತು? ಮನೆಯಿಂದ ಹೊರಗೆ ಹಾಕಿದವರೇ, ಪಕ್ಕದ ಮನೆಯವರು ಯಾಕೆ ಕರೆದರು ಅಂತ ಜಗಳಕ್ಕೆ ಬಂದರೆ ಏನೆನ್ನಬೇಕು?

ನಮ್ಮವರಿಗೂ ಒಂದು ಮಾತು. ಕೇರಿಯೊಳಗೆ ಚರ್ಚಿಗೆ ಹೋಗುವವನನ್ನು ನೋಡಿ, "ಅವನು ಕಿರಿಸ್ತಾನ, ನಮ್ಮವನಲ್ಲ" ಅನ್ನುವ ಮಾತು ಶುರುವಾಗಿದೆ. ಮೀಸಲಾತಿಯ ರೊಟ್ಟಿ ಚಿಕ್ಕದು ಅನ್ನುವ ಭಯ ಅದಕ್ಕೆ ನೀರೆರೆಯುತ್ತಿದೆ. ಅವನ ಮೇಲೆ ಬೀಳುವ ದೊಣ್ಣೆ ನಮ್ಮ ಮೇಲೂ ಬೀಳುವ ದೊಣ್ಣೆಯೇ. ಅವನೂ ಅಷ್ಟೇ, ಮಾರಮ್ಮನ ಹಬ್ಬದ ಅನ್ನ ಸೈತಾನನ ಅನ್ನ ಅಂತ ಅಕ್ಕನ ಮನೆಯ ಊಟ ಬಿಡಬಾರದು. ಸಮಾರ್ಯದವಳ ಹತ್ತಿರ ನೀರು ಕೇಳಿದವನನ್ನು ಗುರು ಅಂತ ನಂಬಿದವನು, ಹುಟ್ಟಿದ ಕೇರಿಯ ತಂಬಿಗೆಯನ್ನು ತಳ್ಳುವುದು ಯಾವ ಭಕ್ತಿ?

ನಮ್ಮ ತಕ್ಕಡಿ ಇಷ್ಟೇ. ಧರ್ಮದ ಹೊರಗಿನ ನಮ್ಮನ್ನು ಪ್ರೀತಿಸುತ್ತೇವೆ ಅನ್ನುವವರು ಯಾರೇ ಬರಲಿ, ಏನು ತಂದಿದ್ದಾರೆ ಅಂತ ಅವರ ಚೀಲ ನೋಡಬೇಡಿ. ಒಳಗೆ ಕರೆಯಿರಿ, ಚಾಪೆ ಹಾಸಿರಿ. ನಮ್ಮ ಕೊಡದಿಂದ, ನಮ್ಮ ಲೋಟದಲ್ಲಿ ನೀರು ಕೊಡಿ. ಕುಡಿಯುತ್ತಾರೋ ಇಲ್ಲವೋ ನೋಡಿ. ಮಾತು ಆಮೇಲೆ.